ಒಳಗ ಅದಾರ

ಹರಪನಹಳ್ಳಿ
ಜನವರಿ ೬, ಮಂಗಳವಾರ

ಅಕ್ಕನಿಗೆ ಗುರುಬಸವರಾಜನ ಶರಣು.

ಮಗಳು ರೇಣುಕಾಳ ಶಿವಗಣಾರಾಧನೆ ಮುಗಿದ ಮರುದಿನ ಕೊಟ್ಟೂರಿನಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ನೀನು ಹೇಳಿದ್ದು ಒಂದೇ ಮಾತು: “ಮುಟ್ಟಿದ ಮ್ಯಾಲೆ ಕಾಗದ ಬರಿ. ಫೋನಿನಾಗ ನೀ ಏನೂ ಹೇಳಂಗಿಲ್ಲ.” ಅದಾಗಿ ತಿಂಗಳ ಮೇಲಾಯಿತು. ತಪ್ಪು ನನ್ನದೇ. ಕಾಗದ ತೆಗೆದು, ಮೇಲೆ ನಿನ್ನ ಹೆಸರು ಬರೆದು, ಮಡಿಚಿಟ್ಟದ್ದು ಮೂರು ಸಲ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕಾದ ಸಾಲಿಗೆ ಬಂದ ಕೂಡಲೇ ಕೈ ನಿಲ್ಲುತ್ತಿತ್ತು. ಈ ಸಲ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗಿದ್ದೇನೆ.

ಮೊಮ್ಮಗಳು ಚಂದನಾ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಂದು ಭಾಗ್ಯ ಹೇಳಿದಳು. ನಿನ್ನ ಜೊತೆ ದಿನ ಬಿಟ್ಟು ದಿನ ಮಾತಾಡುತ್ತಾಳಂತೆ, ನನ್ನ ಹೆಂಡತಿಯ ಮೂಲಕವೇ ನನಗೆ ನಿಮ್ಮ ಸುದ್ದಿ. ಮಗು ಗೋಡೆಯ ಪಕ್ಕ ಮಲಗಲು ಒಪ್ಪುವುದಿಲ್ಲ, ನಡುಮನೆಯಲ್ಲೇ ಹಾಸಿಗೆ ಹಾಸಬೇಕು ಎಂದೂ ಹೇಳಿದಳು. ಹಾಸು. ನಾನೂ ಹಾಗೇ ಮಲಗುತ್ತೇನೆ, ಯಾರಿಗೂ ಹೇಳಬೇಡ.

ನಾನು ಈಗ ಹರಪನಹಳ್ಳಿಯ ಲಾಡ್ಜಿನಲ್ಲಿದ್ದೇನೆ. ಭೂಕಂಪವಾಗಿ ಇವತ್ತಿಗೆ ನಲವತ್ತೇಳು ದಿನ. ಇಲಾಖೆಯಲ್ಲಿ ಅಂಕಿಸಂಖ್ಯೆಯ ಕೆಲಸ ಮಾಡುವವನು ನಾನೊಬ್ಬನೇ ಅಲ್ಲ, ಆದರೂ ಈ ಕೆಲಸ ನನ್ನ ಪಾಲಿಗೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಅರವತ್ಮೂರು ಆರೋಗ್ಯ ಉಪಕೇಂದ್ರಗಳಿಗೆ ಹೋಗಿ, ನೆಲ ನಡುಗಿದ ದಿನ ಅವು ಹೇಗೆ ನಡೆದುಕೊಂಡವು ಎಂದು ಅಳೆದು ವರದಿ ಬರೆಯಬೇಕು. ಹದಿನಾಲ್ಕು ಪುಟದ ಒಂದು ಫಾರಂ ಇದೆ. ಅದರ ಮೇಲೆ ‘ಆರೋಗ್ಯ ವ್ಯವಸ್ಥೆಯ ತಾಳಿಕೆಯ ಮೌಲ್ಯಮಾಪನ’ ಎಂದು ಅಚ್ಚಾಗಿದೆ. ನನ್ನ ಜೀಪಿನ ಡ್ರೈವರ್ ಅಂಜಿನೇಯಲು ಅದನ್ನು ಓದಿ, “ತಾಳಿಕಿ ಅಂದ್ರ ಏನ್ರಿ ಸರ?” ಎಂದ.

“ಬಿದ್ದ ಮೇಲೆ ಎದ್ದು ನಿಲ್ಲೋ ಶಕ್ತಿ.”

“ಮತ್ತ ಬೀಳದಂಗ ಕಟ್ಟೋದಕ್ಕ ಏನಂತಾರ?”

“ಅದು ಬೇರೆ ಇಲಾಖೆ.”

ಅವನು ಹತ್ತು ಮೈಲಿ ನಕ್ಕ. ನಾನೂ ನಕ್ಕೆ.

ನಿನ್ನೆ ಈ ಕಡೆಯ ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ನನ್ನ ಕೈಯ ಫಾರಮನ್ನು ಬೆರಳಲ್ಲಿ ತಟ್ಟಿ, “ನೆಲ ನಡುಗಿದ ಮೇಲೆ ಬೋರಿನ ನೀರು ಎಂಟು ದಿನ ಕೆಂಪಗೆ ಬಂತಪ್ಪ, ಆರತಿ ನೀರು ಇದ್ದಂಗೆ. ಅದನ್ನೇ ಕುಡಿದು ಇಡೀ ಓಣಿಗೆ ಭೇದಿ ಹತ್ತಿತು. ಆ ಬಣ್ಣ ನಿನ್ನ ಕಾಗದದಾಗೆ ಐತಾ?” ಎಂದು ಕೇಳಿದಳು. ಇಲ್ಲ. ನೀರಿನ ಮೂಲ ಯಾವುದು ಎಂಬ ಪ್ರಶ್ನೆ ಇದೆ. ‘ಕೊಳವೆಬಾವಿ’ ಎಂಬ ಚೌಕದ ಮನೆಗೆ ಗುರುತು ಹಾಕಿಕೊಂಡು ಬಂದೆ.

ಇದನ್ನೆಲ್ಲ ಬರೆಯುತ್ತಿರುವುದು ನಿನ್ನ ಪ್ರಶ್ನೆಯನ್ನು ಮುಂದೂಡಲು ಎಂದು ನಿನಗೆ ತಿಳಿಯುತ್ತದೆ. ಚಿಕ್ಕಂದಿನಲ್ಲಿ ನಾನು ಸಾಲೆಯಲ್ಲಿ ಏಟು ತಿಂದು ಬಂದ ದಿನ ದಾರಿಯಲ್ಲಿ ಕಂಡ ಕುರಿ, ಬಂಡಿ, ಬಸ್ಸು ಎಲ್ಲದರ ಸುದ್ದಿ ಹೇಳುತ್ತಿದ್ದೆ. “ಅಂಗೈ ತೋರಿಸು” ಎನ್ನುತ್ತಿದ್ದೆಯಲ್ಲ ನೀನು.

ನಿನ್ನ ಪ್ರಶ್ನೆ ನನಗೆ ಬಾಯಿಪಾಠವಾಗಿದೆ. ಆ ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ನೆಲ ಅಲುಗಿತು. ನಮ್ಮ ಕಚೇರಿಯವರೆಲ್ಲ ಅಂಗಳಕ್ಕೆ ಬಂದು, ಬೇಲಿಗೆ ಶಾಮಿಯಾನ ಕಟ್ಟಿ, ಮೇಜು ಹಾಕಿ, ಒಂದೊಂದೇ ಕೇಂದ್ರಕ್ಕೆ ಫೋನು ಹಚ್ಚಿ ಯಾವುದು ನಿಂತಿದೆ ಯಾವುದು ಬಿದ್ದಿದೆ ಎಂದು ಪಟ್ಟಿ ಮಾಡತೊಡಗಿದರು. ಆ ಪಟ್ಟಿ ನೋಡಿಯೇ ಜೆಸಿಬಿ, ಆಂಬುಲೆನ್ಸು ಕಳಿಸುತ್ತಿದ್ದರು. ಹನ್ನೊಂದಕ್ಕೆ ಏಳು ನಿಮಿಷ ಇರುವಾಗ ನಾನು ನಿನಗೆ ಫೋನು ಮಾಡಿ, “ರೇಣುಕಾ ಅದಾಳಕ್ಕಾ, ಡ್ಯೂಟಿಯಾಗ ಅದಾಳ, ಕಚೇರಿಗೆ ಸುದ್ದಿ ಬಂದೈತಿ” ಎಂದೆ. “ಖರೇನಾ? ಇನ್ನೊಮ್ಮಿ ಹೇಳು” ಎಂದೆ ನೀನು. ಇನ್ನೊಮ್ಮೆ ಹೇಳಿದೆ.

ಅವಳು ಆಗ ತಾನು ಸಿಸ್ಟರಾಗಿದ್ದ ಕರೆಗುಡ್ಡದಹಟ್ಟಿಯ ಉಪಕೇಂದ್ರದ ಚಪ್ಪಡಿಗಳ ಕೆಳಗಿದ್ದಳು. ಜೆಸಿಬಿ ಅಲ್ಲಿಗೆ ಹೋದದ್ದು ಸಂಜೆ ಐದಕ್ಕೆ. ಕರೆಗುಡ್ಡದಹಟ್ಟಿ ಪಟ್ಟಿಯ ‘ಸುಸ್ಥಿತಿ’ ಎಂಬ ಕಡೆಯಲ್ಲಿತ್ತು.

ಕಚೇರಿಗೆ ಆ ಸುದ್ದಿ ಕೊಟ್ಟವರು ಯಾರು? ಇದು ನಿನ್ನ ಪ್ರಶ್ನೆ. ನನಗಾಗಿ ಕಾಯದೆ ಉತ್ತರವನ್ನೂ ನೀನೇ ಕಂಡುಕೊಂಡೆ ಎಂದು ಗೊತ್ತಾಯಿತು. ಆ ಹೊತ್ತು ರೇಣುಕಾಳ ಫೋನು ಇದ್ದದ್ದು ಆ ಊರಿನ ಆಶಾ ಕಾರ್ಯಕರ್ತೆ ಗಾದೆಮ್ಮನ ಕೈಯಲ್ಲಿ, ಆದ್ದರಿಂದ ಸುಳ್ಳು ಹೇಳಿದವಳು ಅವಳೇ. ಅಳಿಯ ಬರೆಸಿದ ಅರ್ಜಿಗೆ ನೀನೂ ಸಹಿ ಹಾಕಿದ್ದೀಯೆ. ‘ಸುಳ್ಳು ಮಾಹಿತಿ ಕೊಟ್ಟು ಜೀವಹಾನಿಗೆ ಕಾರಣಳಾದ ಇವಳನ್ನು ಕೆಲಸದಿಂದ ತೆಗೆಯಬೇಕು.’ ಹತ್ತೊಂಬತ್ತನೇ ತಾರೀಖು ಸೋಮವಾರ ಅದರ ವಿಚಾರಣೆ. ನಿನ್ನ ಸಹಿ ನೋಡಿದೆ. ‘ಅನ್ನದಾನಮ್ಮ’ ಎಂಬುದರ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಇಳಿದಿದೆ.

ನಾಳಿದ್ದು ಗುರುವಾರ ಕರೆಗುಡ್ಡದಹಟ್ಟಿಗೆ ಹೋಗುತ್ತೇನೆ. ನನ್ನ ಪಟ್ಟಿಯಲ್ಲಿ ಅದು ನಲವತ್ತೊಂದನೆಯದು. ಬಂದ ಮೇಲೆ ಉಳಿದದ್ದನ್ನು ಬರೆಯುತ್ತೇನೆ.


ಹಗರಿಬೊಮ್ಮನಹಳ್ಳಿ
ಜನವರಿ ೯, ಶುಕ್ರವಾರ

ಹೋಗಿ ಬಂದೆ, ಅಕ್ಕಾ.

ಹೊಸಹಳ್ಳಿ ದಾಟಿದ ಮೇಲೆ ದಾರಿಯ ಎರಡೂ ಕಡೆ ಶೇಂಗಾ ಕಿತ್ತ ಹೊಲಗಳು, ಕುರಿ ತರುಬಿದ ಬಲೆಗಳು. ಭೂಕಂಪವಾದ ಊರು ಎಂದು ದೂರದಿಂದ ಗೊತ್ತಾಗುವುದಿಲ್ಲ. ಹತ್ತಿರ ಹೋದರೆ ಮನೆಗಳಿಗೆ ನೀಲಿ ತಾಡಪಾಲು. ಉಪಕೇಂದ್ರ ಇದ್ದ ಜಾಗ ಈಗ ಬಯಲು. ಮಾಡಿನ ಚಪ್ಪಡಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಯಾರೋ ಅವುಗಳ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಕಲ್ಲು ಚೆನ್ನಾಗಿ ಕಾಯುತ್ತದಂತೆ.

ಗುರುವಾರ ಚುಚ್ಚುಮದ್ದಿನ ದಿನವಲ್ಲವೇ, ಬೇವಿನ ಮರದ ಕೆಳಗೆ ತಾಯಂದಿರು ಕೂತಿದ್ದರು. ಹೊರಗಿನಿಂದ ಬಂದ ಬದಲಿ ಸಿಸ್ಟರ್ ಸೂಜಿ ಹಾಕುತ್ತಿದ್ದಳು. ಗಾದೆಮ್ಮ ಹೆಸರು ಕೂಗುತ್ತಿದ್ದಳು. ನಲವತ್ತೈದರ ಹೆಂಗಸು, ಎತ್ತರ, ಅವಳ ಧ್ವನಿಯೂ ಎತ್ತರ. ಕೂಗಿದಾಗ ತಾಯಂದಿರು ಎದ್ದು ಬರುತ್ತಾರೆ. ಮಗುವಿನ ಕಾಲು ಹಿಡಿಯಲು ಅವಳು ಕೈ ಚಾಚಿದರೆ ಮಾತ್ರ, “ಇರ್ಲಿ ಬಿಡು, ನಾನೇ ಹಿಡ್ಕೊಂತೀನಿ” ಎನ್ನುತ್ತಾರೆ. ಒಬ್ಬಳಲ್ಲ, ಎಲ್ಲರೂ. ಪ್ರತಿ ಸಲವೂ ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಹೆಸರು ಕೂಗುತ್ತಿದ್ದಳು.

ಎಲ್ಲರೂ ಹೋದ ಮೇಲೆ ನಾನು ಫಾರಂ ತೆಗೆದೆ. ಅವಳು ನನ್ನನ್ನು ನೋಡಿ, “ನೀವು ಸಿಸ್ಟರ್ ಮಾಮಾ ಅಲ್ಲೇನ್ರಿ? ಮಣ್ಣಿಗೆ ಬಂದಿದ್ರಿ” ಎಂದಳು. ಹೌದೆಂದೆ.

“ಹಂಗಾರ ನೀವೂ ನನ್ನ ಬೈಯೋಕ ಬಂದೀರಿ.”

“ಕೇಳೋಕೆ ಬಂದಿದ್ದೇನೆ.”

“ಅದನ್ನ ಇಲ್ಲೀತನ ಯಾರೂ ಮಾಡಿಲ್ಲ ನೋಡ್ರಿ” ಎಂದು ನಕ್ಕಳು. ಚಲೋ ನಗು ಅಲ್ಲ ಅದು.

ಅವಳು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ. ಆ ದಿನ ಬೆಳಿಗ್ಗೆ ತಾಯಂದಿರು ಬೇಗ ಬಂದುಬಿಟ್ಟಿದ್ದರು, ಹನ್ನೊಂದು ಕೂಸುಗಳು. ರೇಣುಕಾ ಆಗ ನೆಲ ಒರೆಸುತ್ತಿದ್ದಳು. “ಈಗ ಒರಿಸೀನಿ, ಒಣಗೋತನ ಒಬ್ರೂ ಒಳಗ ಕಾಲಿಡಬ್ಯಾಡ್ರಿ, ಹೆಜ್ಜಿ ಮೂಡಿದ್ರ ನಿಮ್ಮ ಕೈಲೇ ಒರೆಸಿಸ್ತೀನಿ” ಎಂದು ಎಲ್ಲರನ್ನೂ ಮರದ ಕೆಳಗೆ ಕೂರಿಸಿದಳು. ಲಸಿಕೆಯ ಬಾಕ್ಸು ಹೊರಗಿನ ಕಟ್ಟೆಯ ಮೇಲಿತ್ತು. ಬರದವರ ಮನೆಗೆ ಫೋನು ಹಚ್ಚು ಎಂದು ತನ್ನ ಫೋನನ್ನು ಗಾದೆಮ್ಮನ ಕೈಗೆ ಕೊಟ್ಟು, ರಿಜಿಸ್ಟರ್ ತರಲು ಒಳಗೆ ಹೋದಳು. ಆಗ ನೆಲ ನಡುಗಿತು. ಒದ್ದೆ ನೆಲದಿಂದ ಹನ್ನೊಂದು ಕೂಸುಗಳು ಉಳಿದವು. ಇದಕ್ಕೆ ನನ್ನ ಫಾರಮಿನಲ್ಲಿ ಮನೆ ಇಲ್ಲ.

ಅವಳ ಜೀವ ಕೂಡಲೇ ಹೋಗಲಿಲ್ಲ, ಅಕ್ಕಾ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಒಳಗಿನಿಂದ ಮಾತಾಡುತ್ತಿದ್ದಳು. ಊರಿನವರು ಹಾರೆ, ಗುದ್ದಲಿ, ಬರಿಗೈ ಎಲ್ಲ ಹಚ್ಚಿದರು, ಅಡ್ಡಬಿದ್ದ ಚಪ್ಪಡಿ ಮಿಸುಕಲಿಲ್ಲ. ಗಾದೆಮ್ಮ ಸಂದಿಗೆ ಬಾಯಿ ಇಟ್ಟು ಕೂಗುತ್ತಿದ್ದಳು. ಒಮ್ಮೆ ಒಳಗಿನಿಂದ, “ಗಾದೆಮ್ಮಾ, ಬಾಕ್ಸು ಬಿಸಿಲಿಗೆ ಬಿಟ್ಟೀಯೇನು?” ಎಂದಳಂತೆ. “ಇಲ್ರಿ, ನೆರಳಿಗೆ ಇಟ್ಟೀನ್ರಿ.” “ಸುಳ್ಳು ಹೇಳ್ತಿ. ಎದ್ದು ಹೋಗಿ ನೋಡು.” ಗಾದೆಮ್ಮ ಎದ್ದು ಹೋಗಿ ನೋಡಿದಳು. ಬಾಕ್ಸು ಬಿಸಿಲಲ್ಲಿತ್ತು. ನೆರಳಿಗೆ ಇಟ್ಟು ಬಂದಳು. “ಆವತ್ತು ನಾ ಹೇಳಿದ ಸುಳ್ಳು ಅದೊಂದೇ ನೋಡ್ರಿ” ಎಂದಳು ನನಗೆ.

ಮಧ್ಯಾಹ್ನ ಒಂದರವರೆಗೆ ಉತ್ತರ ಬರುತ್ತಿತ್ತು. ಆಮೇಲೆ ನರಳುವುದು ಕೇಳುತ್ತಿತ್ತು. ಮೂರರ ನಂತರ ಅದೂ ಇಲ್ಲ.

ಫೋನಿನ ವಿಷಯ ಕೇಳಿದೆ. “ಬಂತ್ರಿ ಸರ. ಒಂದೇ ಸಲ ಬಂತು. ಯಾರೋ ಗಂಡಸು. ‘ಸಿಸ್ಟರ್ ಅದಾರೇನು’ ಅಂದ್ರು. ‘ಒಳಗ ಅದಾರ್ರಿ’ ಅಂದೆ. ಒಳಗ ಇದ್ರಲ್ಲ, ಮತ್ತೇನು ಹೇಳ್ಲಿ? ಮುಂದ ಹೇಳೋದ್ರಾಗ ಫೋನು ಇಟ್ರು. ಮತ್ತ ಹಚ್ಚಿದೆ, ಅಷ್ಟ್ರಾಗ ಟವರ್ ಹೋಗಿತ್ತು.” ಆಮೇಲೆ ಅವಳ ಅಣ್ಣ ಯರ್ರಿಸ್ವಾಮಿ ಬೈಕು ಹತ್ತಿ, ಜೆಸಿಬಿ ಕಳಿಸುತ್ತಿದ್ದವರನ್ನು ರಸ್ತೆಯಲ್ಲಿ ಹುಡುಕಿ ಕೈಮುಗಿದ. ಅವರು ಕಾಗದ ನೋಡಿ, “ನಿಮ್ಮೂರು ಚಲೋ ಐತಿ ಅಂತ ಬರದಾರಲ್ಲ ಇಲ್ಲಿ, ಬಿದ್ದ ಊರಿನೋರು ಕಾಯಾಕ ಹತ್ಯಾರ, ಸರಿ ಆ ಕಡಿ” ಎಂದರು. ಅವನು ಸಂಜೆಯ ತನಕ ಅಲ್ಲೇ ನಿಂತಿದ್ದ.

ಒಳಗ ಅದಾರ. ಈ ಎರಡು ಶಬ್ದಗಳನ್ನು ನಾನು ನಿನ್ನೆಯಿಂದ ಬಾಯಲ್ಲಿ ಹೊರಳಿಸುತ್ತಿದ್ದೇನೆ. ಯಾವ ಕಚೇರಿಯ ಬಾಗಿಲಿಗೆ ಹೋಗಿ, ಸಾಹೇಬರು ಅದಾರೇನು ಎಂದು ಕೇಳಿದರೂ ಸ್ಟೂಲಿನ ಮೇಲೆ ಕೂತವನು ಹೇಳುವುದು ಇದನ್ನೇ. ಒಳಗ ಅದಾರ್ರಿ. ಅಂದರೆ ಬಂದಿದ್ದಾರೆ, ಕೆಲಸದಲ್ಲಿದ್ದಾರೆ, ಎಲ್ಲ ಸರಿಯಾಗಿದೆ. ಮೂವತ್ತು ವರ್ಷ ಅದನ್ನು ಕೇಳಿದ ಕಿವಿಗೆ ಅದಕ್ಕೆ ಬೇರೆ ಅರ್ಥ ಇರಬಹುದೆಂದು ಹೊಳೆಯುವುದಿಲ್ಲ. ಶಾಮಿಯಾನದ ಕೆಳಗೆ ಕೂತವನು ಕೇಳಿಸಿಕೊಂಡ, ನಲವತ್ತೊಂದನೆಯ ಸಾಲಿನಲ್ಲಿ ‘ಸಿಬ್ಬಂದಿ ಸ್ಥಳದಲ್ಲಿದ್ದಾರೆ, ಕೇಂದ್ರ ಸುಸ್ಥಿತಿ’ ಎಂದು ಬರೆದ. ನಮ್ಮ ಭಾಷೆಯಲ್ಲಿ ಅದು ತಪ್ಪೂ ಅಲ್ಲ. ಗಾದೆಮ್ಮ ಹೇಳಿದ್ದು ನಿಜ, ಅವನು ಕೇಳಿದ್ದೂ ಅದನ್ನೇ. ನಡುವೆ ಒಂದು ಕಟ್ಟಡ ಬಿದ್ದಿತ್ತು, ಅಷ್ಟೆ.

ಇನ್ನೊಂದನ್ನು ಹೇಳಬೇಕು, ನಗಬೇಡ. ಫಾರಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಇರುವುದು ‘ಆಘಾತದ ನಂತರ ಎಷ್ಟು ಗಂಟೆಯೊಳಗೆ ಸೇವೆ ಮತ್ತೆ ಆರಂಭವಾಯಿತು’ ಎಂಬ ಪ್ರಶ್ನೆಗೆ. ಮರುದಿನ ಬೆಳಿಗ್ಗೆ, ನಾವು ರೇಣುಕಾಳನ್ನು ಮಣ್ಣಿಗೆ ಒಯ್ಯುವ ಮೊದಲೇ, ಇನ್ನೊಬ್ಬ ಸಿಸ್ಟರ್ ಬಂದಳು. ಬಾಕ್ಸಿನ ಐಸು ಇನ್ನೂ ಪೂರ್ತಿ ಕರಗಿರಲಿಲ್ಲ. ಗಾದೆಮ್ಮ ಹನ್ನೊಂದು ಹೆಸರು ಕೂಗಿದಳು. ಹನ್ನೊಂದು ಕೂಸಿಗೂ ಸೂಜಿ ಬಿತ್ತು. ಇಪ್ಪತ್ನಾಲ್ಕು ಗಂಟೆ. ನಾನು ಈವರೆಗೆ ನೋಡಿದ ಯಾವ ಕೇಂದ್ರವೂ ಅಷ್ಟು ಬೇಗ ಎದ್ದಿಲ್ಲ. ಲೆಕ್ಕದ ಪ್ರಕಾರ ಎಲ್ಲಕ್ಕಿಂತ ತಾಳಿಕೆಯುಳ್ಳದ್ದು ಕರೆಗುಡ್ಡದಹಟ್ಟಿ. ಕೂಡಿಸಿದೆ, ಮತ್ತೊಮ್ಮೆ ಕೂಡಿಸಿದೆ, ಅದೇ ಬಂತು. ಹಾಗೇ ಬರೆದಿದ್ದೇನೆ.

ಹೊರಡುವಾಗ ಗಾದೆಮ್ಮ ಜೀಪಿನ ತನಕ ಬಂದಳು. “ಹತ್ತೊಂಬತ್ತಕ್ಕ ಕರದಾರ್ರಿ ನನ್ನ. ಸಿಸ್ಟರ್ ತಾಯಿ ಬರ್ತಾರಂತ. ಆಕಿ ಮಕ ನೋಡಿ ನಾ ಏನ್ ಹೇಳ್ಲಿ? ಕೆಲಸ ಹೋದ್ರ ಹೋಗ್ಲಿ, ಕಳೆ ತೆಗಿಯಾಕ ಹೋಗ್ತೀನಿ. ಆದ್ರ ಈ ಊರಾಗ ನಾಳೆ ಯಾರ ಮನ್ಯಾಗ ಹೆರಿಗಿ ಬ್ಯಾನಿ ಬಂದ್ರೂ ನನ್ನ ಕರೆಯಂಗಿಲ್ರಿ. ಸುಳ್ಳು ಹೇಳಿ ಕೊಂದಾಕಿ ಅಂತಾರ.” ಆಮೇಲೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ನಿಮ್ಮ ದನಿ ಎಲ್ಲೋ ಕೇಳೀನಿ ಅನಸ್ತೈತ್ರಿ” ಎಂದಳು.

“ಮಣ್ಣಿಗೆ ಬಂದಿದ್ದೆನಲ್ಲ” ಎಂದೆ.

“ಆವತ್ತು ನೀವು ಒಂದು ಮಾತೂ ಆಡ್ಲಿಲ್ರಿ.”

ಅಂಜಿನೇಯಲು ಜೀಪು ಚಾಲೂ ಮಾಡಿದ.

ಅಕ್ಕಾ, ನಿನ್ನನ್ನು ಕೇಳಿಕೊಳ್ಳುವುದು ಇಷ್ಟೆ. ಆ ಅರ್ಜಿಯಿಂದ ನಿನ್ನ ಸಹಿ ತೆಗೆಸು. ಅಳಿಯ ಸಿಟ್ಟಾದರೆ ಆಗಲಿ, ನಾನು ಬಂದು ಮಾತಾಡುತ್ತೇನೆ. ಹತ್ತೊಂಬತ್ತಕ್ಕೆ ಬರುವುದಾದರೆ ಗಾದೆಮ್ಮನ ಪಕ್ಕ ಕೂತುಕೋ. ಏನೂ ಮಾತಾಡಬೇಕಾಗಿಲ್ಲ, ಕೂತರೆ ಸಾಕು. ನಿನ್ನ ಮಗಳು ಕೊನೆಗೆ ಬೈದದ್ದು ಅವಳನ್ನು, ಹತ್ತಿರದವರನ್ನು ಬೈಯುವ ಹಾಗೆ ಬೈದಳು.

ಮಂಡಿನೋವಿನ ಮುಲಾಮು ಭಾಗ್ಯಳ ಕೈಲಿ ಕೊಟ್ಟಿದ್ದೇನೆ, ಭಾನುವಾರ ಬರುವವರ ಕೂಡ ಕಳಿಸುತ್ತಾಳೆ. ಚಂದನಾಳಿಗೆ ನನ್ನ ಆಶೀರ್ವಾದ ಹೇಳು. ನಡುಮನೆಯಲ್ಲಾದರೂ ಸರಿ, ಅವಳಿಗೆ ನಿದ್ದೆ ಬರಲಿ. ಅವಳ ಅವ್ವ ನೆಲ ಒರೆಸಿ ಹನ್ನೊಂದು ಕೂಸುಗಳನ್ನು ಉಳಿಸಿದಳು ಎಂದು ದೊಡ್ಡವಳಾದ ಮೇಲೆ ಹೇಳು. ಈಗಲೇ ಹೇಳಿದರೂ ನಡೆದೀತು. ನಿನ್ನ ಆಶೀರ್ವಾದವನ್ನು ಕೇಳುವ ಧೈರ್ಯ ಈ ಸಲ ಇಲ್ಲ.

ನಿನ್ನ ತಮ್ಮ,
ಗುರುಬಸವರಾಜ

ಮರೆತ ಮಾತು: ಮರೆತಿರಲಿಲ್ಲ. ವಿಚಾರಣೆಯಲ್ಲಿ ಒಂದು ರೆಕಾರ್ಡು ಕೇಳಿಸುತ್ತಾರೆ. ಆ ದಿನ ಕಚೇರಿಯ ಫೋನಿನಲ್ಲಿ ಆಡಿದ ಮಾತೆಲ್ಲ ತಾನಾಗಿಯೇ ದಾಖಲಾಗಿದೆ, ನಲವತ್ತೊಂದನೆಯ ಕರೆಯನ್ನು ಹುಡುಕಿ ನಾನೇ ಬರವಣಿಗೆಯ ಹೇಳಿಕೆಯ ಜೊತೆ ಇವತ್ತು ಕೊಟ್ಟು ಬಂದೆ. ನೀನು ಅದನ್ನು ಎಲ್ಲರ ನಡುವೆ ಮೊದಲ ಸಲ ಕೇಳಬಾರದು. ಅದರಲ್ಲಿರುವ ಗಂಡಸಿನ ದನಿ ನನ್ನದು. ಶಾಮಿಯಾನದ ಕೆಳಗೆ ಕೂತವನು ನಾನು. ಕಚೇರಿಗೆ ಸುದ್ದಿ ಬಂದೈತಿ ಎಂದು ನಿನಗೆ ಹೇಳಿದೆನಲ್ಲ, ಆ ಕಚೇರಿ ನಾನೇ. ಉಳಿದ ಊರುಗಳಿಗೆಲ್ಲ ಕಟ್ಟಡ ಹೇಗಿದೆ, ಗಾಯವಾಗಿದೆಯೇ ಎಂದು ಪಟ್ಟಿಯ ಪ್ರಶ್ನೆಗಳನ್ನು ಬಿಡದೆ ಕೇಳಿದ್ದೇನೆ. ರೇಣುಕಾಳ ಊರಿಗೆ ಮಾತ್ರ ಒಂದೇ ಪ್ರಶ್ನೆ ಕೇಳಿದೆ. ಅದಾರೇನು. ಕರೆ ಒಂಬತ್ತು ಸೆಕೆಂಡಿನದು. ಎಷ್ಟೋ ಸಲ ಕೇಳಿದ್ದೇನೆ. “ಒಳಗ ಅದಾರ್ರಿ” ಎಂದ ಮೇಲೆ ಗಾದೆಮ್ಮ ಉಸಿರು ಎಳೆದುಕೊಂಡು ‘ಬ’ ಎನ್ನುತ್ತಾಳೆ. ಬರ್ರಿ ಎನ್ನುವುದರ ಬ. ಅಷ್ಟರಲ್ಲಿ ನಾನು ಫೋನು ಇಟ್ಟಿದ್ದೇನೆ. ಅವಳು ಅದಾಳ ಎಂದು ನಿನಗೆ ಹೇಳುವ ಅವಸರವಿತ್ತು.